ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಪದೇ ಪದೇ ಆಗುವ ಮಲವಿಸರ್ಜನೆಯಿಂದ ಚರ್ಮದ ಉರಿ: ಆರೈಕೆ ಕುರಿತು ಸಾರ್ವಜನಿಕ ಮಾಹಿತಿ

ದೊಡ್ಡ ಕರುಳಿನ ಅಥವಾ ಗುದನಾಳದ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆದುಹಾಕಿದ ನಂತರ ಹಲವು ರೋಗಿಗಳಿಗೆ ದಿನಕ್ಕೆ ಆರು, ಎಂಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬಾರಿ ಮಲವಿಸರ್ಜನೆಯಾಗುತ್ತದೆ. ಇದರಿಂದ ಗುದದ್ವಾರದ ಸುತ್ತಲಿನ ಚರ್ಮವು ಕೆಂಪಾಗಿ, ಉರಿದು, ಕಾಲಕ್ರಮೇಣ ಸುಲಿಯುತ್ತದೆ. ಕುಳಿತುಕೊಳ್ಳುವುದು, ನಡೆಯುವುದು, ನಿದ್ರಿಸುವುದು ಎಲ್ಲವೂ ಕಷ್ಟವಾಗುತ್ತದೆ. ಆದರೆ ಈ ತೊಂದರೆಯನ್ನು ಮನೆಯವರಲ್ಲಾಗಲಿ ವೈದ್ಯರಲ್ಲಾಗಲಿ ಹೇಳಿಕೊಳ್ಳಲು ಬಹುತೇಕ ರೋಗಿಗಳು ಸಂಕೋಚಪಡುತ್ತಾರೆ. ಉರಿಗೆ ಹೆದರಿ ಊಟವನ್ನೂ ನೀರನ್ನೂ ಕಡಿಮೆ ಮಾಡುವವರಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವ ದೇಹಕ್ಕೆ ಇದು ಚರ್ಮದ ಉರಿಗಿಂತ ದೊಡ್ಡ ಅಪಾಯ. ಈ ತೊಂದರೆಯ ಕಾರಣ, ಮನೆಯಲ್ಲಿ ಅನುಸರಿಸಬಹುದಾದ ಆರೈಕೆಯ ಕ್ರಮ ಮತ್ತು ವೈದ್ಯರನ್ನು ಕಾಣಬೇಕಾದ ಸಂದರ್ಭಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಯಾರಲ್ಲಿ ಹೆಚ್ಚು ಕಂಡುಬರುತ್ತದೆ

ಗುದನಾಳದ ಕ್ಯಾನ್ಸರ್‌ಗಾಗಿ ಗುದನಾಳದ ಬಹುಭಾಗವನ್ನು ತೆಗೆದು ಉಳಿದ ಕರುಳನ್ನು ಕೆಳಗೆ ಜೋಡಿಸಿದವರಲ್ಲಿ ಈ ತೊಂದರೆ ಹೆಚ್ಚು. ಗುದನಾಳವು ಮಲವನ್ನು ಸಂಗ್ರಹಿಸಿಡುವ ಚೀಲದಂತೆ ಕೆಲಸ ಮಾಡುತ್ತದೆ. ಆ ಚೀಲ ಇಲ್ಲದಿದ್ದಾಗ ಮಲವು ಸ್ವಲ್ಪ ಸ್ವಲ್ಪವಾಗಿ, ಗಂಟೆಯೊಳಗೆ ಮೂರು ನಾಲ್ಕು ಬಾರಿ ಬರುತ್ತದೆ. ತಡೆಯುವ ಶಕ್ತಿಯೂ ಕೆಲಕಾಲ ಕುಂದಿರುತ್ತದೆ. ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಇರಿಸಿದ್ದ ಮಲದ ದಾರಿಯನ್ನು (ಸ್ಟೋಮಾ) ಮುಚ್ಚಿದ ನಂತರದ ಮೊದಲ ವಾರಗಳಲ್ಲಿ ಉರಿ ತೀವ್ರವಾಗಿರುತ್ತದೆ. ತಿಂಗಳುಗಟ್ಟಲೆ ಮಲ ಹಾದುಹೋಗದಿದ್ದ ದಾರಿಯಲ್ಲಿ ಒಮ್ಮೆಲೇ ತೆಳುವಾದ ಮಲ ಹರಿಯತೊಡಗುವುದು ಇದಕ್ಕೆ ಕಾರಣ.

ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಗಾಗಿ ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನಿಂದಲೇ ಒಂದು ಚೀಲ ರಚಿಸಿ ಗುದದ್ವಾರಕ್ಕೆ ಜೋಡಿಸಿದವರೂ, ಕ್ಷಯ ಅಥವಾ ಕ್ರೋನ್ಸ್ ಕಾಯಿಲೆಯಿಂದ ಸಣ್ಣ ಕರುಳಿನ ಕೊನೆಯ ಭಾಗವನ್ನು ಕಳೆದುಕೊಂಡವರೂ ಇದೇ ಗುಂಪಿಗೆ ಸೇರುತ್ತಾರೆ.

ಉಳಿದ ಕರುಳು ಹೊಸ ವ್ಯವಸ್ಥೆಗೆ ಹೊಂದಿಕೊಳ್ಳಲು ಹಲವು ತಿಂಗಳು ಬೇಕಾಗುತ್ತದೆ. ಮೊದಲ ವರ್ಷದಲ್ಲಿ ಮಲವಿಸರ್ಜನೆಯ ಸಂಖ್ಯೆ ನಿಧಾನವಾಗಿ ಇಳಿಯುವುದು ಸಾಮಾನ್ಯ. ಎಲ್ಲರಲ್ಲೂ ಅದು ಮೊದಲಿನ ಸ್ಥಿತಿಗೆ ಮರಳುವುದಿಲ್ಲ ಎಂಬುದನ್ನೂ ರೋಗಿಗಳು ಮೊದಲೇ ತಿಳಿದಿರುವುದು ಒಳ್ಳೆಯದು.

ಚರ್ಮ ಉರಿಯಲು ಕಾರಣ

ಗುದದ್ವಾರದ ಸುತ್ತಲಿನ ಉರಿಗೆ ಕೊಳಕೇ ಕಾರಣವೆಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು, ಈ ಆಮ್ಲೀಯತೆಯೇ ಚರ್ಮಕ್ಕೆ ಒಂದು ರಕ್ಷಣೆ. ಸಣ್ಣ ಕರುಳಿನಿಂದ ಬರುವ ದ್ರವವು ಕ್ಷಾರೀಯವಾಗಿದ್ದು, ಆಹಾರದ ಪ್ರೋಟೀನು ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳನ್ನೂ ಪಿತ್ತಾಮ್ಲಗಳನ್ನೂ ಹೊಂದಿರುತ್ತದೆ. ಆರೋಗ್ಯವಂತರಲ್ಲಿ ಪಿತ್ತಾಮ್ಲಗಳ ಸುಮಾರು ಶೇ. 95 ಭಾಗವು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಮತ್ತೆ ಹೀರಲ್ಪಡುತ್ತದೆ. ದೊಡ್ಡ ಕರುಳು ದಿನವೊಂದಕ್ಕೆ ಒಂದು ಲೀಟರಿಗೂ ಹೆಚ್ಚು ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿಗೊಳಿಸುತ್ತದೆ. ಕಿಣ್ವಗಳೂ ಅಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಈ ಭಾಗಗಳನ್ನು ತೆಗೆದಾಗ, ಆಹಾರವನ್ನು ಜೀರ್ಣಿಸಬೇಕಾದ ರಸವೇ ಚರ್ಮದ ಮೇಲೆ ಬಂದು ನಿಲ್ಲುತ್ತದೆ.

ಇದರ ಜೊತೆಗೆ ಸದಾ ಒದ್ದೆಯಾಗಿರುವ ಚರ್ಮವು ಮೆತ್ತಗಾಗಿ ಬಿಳಿಚಿಕೊಳ್ಳುತ್ತದೆ. ಅಂತಹ ಚರ್ಮವನ್ನು ಪ್ರತಿ ಬಾರಿಯೂ ಸಾಬೂನು ಹಚ್ಚಿ ಉಜ್ಜಿದರೆ ಮೇಲ್ಪದರ ಕಿತ್ತುಬರುತ್ತದೆ. ಸಾಮಾನ್ಯ ಸ್ನಾನದ ಸಾಬೂನು ಕೂಡ ಕ್ಷಾರೀಯವೇ ಆಗಿದೆ. ಹೀಗಾಗಿ ಶುಚಿತ್ವದ ಬಗ್ಗೆ ಅತಿಯಾಗಿ ಕಾಳಜಿ ವಹಿಸುವವರಲ್ಲಿಯೇ ಅನೇಕ ವೇಳೆ ಗಾಯ ಹೆಚ್ಚಾಗಿರುತ್ತದೆ. ಆರೈಕೆಯ ಗುರಿ ಮೂರು: ಚರ್ಮಕ್ಕೆ ಘರ್ಷಣೆ ಆಗದಂತೆ ತೊಳೆಯುವುದು, ಮಲ ಮತ್ತು ಚರ್ಮದ ನಡುವೆ ಒಂದು ತಡೆಯನ್ನು ಇರಿಸುವುದು, ಮಲವನ್ನು ಗಟ್ಟಿಗೊಳಿಸುವುದು. ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಮಾತ್ರ ಮಾಡಿದರೆ ಉರಿ ಮರಳಿ ಮರಳಿ ಬರುತ್ತದೆ.

ತೊಳೆಯುವ ಮತ್ತು ಒಣಗಿಸುವ ಕ್ರಮ

ನೀರಿನಿಂದ ತೊಳೆಯುವ ನಮ್ಮ ರೂಢಿಯು ಈ ವಿಷಯದಲ್ಲಿ ಅನುಕೂಲಕರವಾದುದು. ಕಾಗದದಿಂದ ಒರೆಸುವುದಕ್ಕಿಂತ ನೀರು ಚರ್ಮಕ್ಕೆ ಸೌಮ್ಯ. ಉಗುರು ಬೆಚ್ಚಗಿನ ನೀರನ್ನು ಚೊಂಬಿನಿಂದ ನಿಧಾನವಾಗಿ ಸುರಿದುಕೊಳ್ಳುವುದು ಉತ್ತಮ. ಶೌಚಾಲಯದಲ್ಲಿ ಅಳವಡಿಸಿದ ಕೈ ಪಿಚಕಾರಿಯನ್ನು ಬಳಸುವವರು ಅದರ ರಭಸವನ್ನು ತಗ್ಗಿಸಿಕೊಳ್ಳತಕ್ಕದ್ದು. ರಭಸದ ನೀರು ಸುಲಿದ ಚರ್ಮಕ್ಕೆ ಉಜ್ಜಿದಷ್ಟೇ ಹಾನಿ ಮಾಡುತ್ತದೆ. ಬೆರಳುಗಳಿಂದ ಮೃದುವಾಗಿ ಸವರಿದರೆ ಸಾಕು. ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯುವುದು ಕಡ್ಡಾಯ, ಆದರೆ ಅದೇ ಸಾಬೂನನ್ನು ಗಾಯದ ಭಾಗಕ್ಕೆ ಹಚ್ಚಬಾರದು.

ಒಣಗಿಸುವಿಕೆಗೆ ತೊಳೆಯುವಿಕೆಯಷ್ಟೇ ಮಹತ್ವವಿದೆ. ಹಲವು ಬಾರಿ ತೊಳೆದು ಒದ್ದೆಯಾಗಿಯೇ ಬಟ್ಟೆ ಧರಿಸುವುದರಿಂದ ಚರ್ಮವು ದಿನವಿಡೀ ತೇವದಲ್ಲಿರುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆ ಅಥವಾ ಹತ್ತಿ ಸೀರೆಯ ತುಂಡುಗಳು ಇದಕ್ಕೆ ಅತ್ಯಂತ ಸೂಕ್ತ. ಬಟ್ಟೆಯನ್ನು ಚರ್ಮದ ಮೇಲೆ ಒತ್ತಿ ತೇವವನ್ನು ಹೀರಿಸಬೇಕು, ಎಳೆದು ಒರೆಸಬಾರದು. ಪ್ರತಿ ಬಾರಿಗೂ ಶುದ್ಧವಾದ ತುಂಡನ್ನು ಬಳಸಿ, ಒಗೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಸಾಧ್ಯವಾದಾಗ ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿ ಹತ್ತು ನಿಮಿಷ ಗಾಳಿ ತಾಗಿಸುವುದು ಪ್ರಯೋಜನಕಾರಿ.

ಉರಿ ಹೆಚ್ಚಿರುವ ದಿನಗಳಲ್ಲಿ ಅಗಲವಾದ ಬೇಸಿನ್ನಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, 10ರಿಂದ 15 ನಿಮಿಷ ಅದರಲ್ಲಿ ಕುಳಿತುಕೊಳ್ಳಬಹುದು. ದಿನಕ್ಕೆ ಎರಡು ಮೂರು ಬಾರಿ ಸಾಕು. ನೀರಿಗೆ ಡೆಟಾಲ್, ಸ್ಯಾವ್ಲಾನ್, ಪೊಟ್ಯಾಸಿಯಂ ಪರ್ಮಾಂಗನೇಟ್ ಮುಂತಾದವುಗಳನ್ನು ವೈದ್ಯರ ಸಲಹೆ ಇಲ್ಲದೆ ಬೆರೆಸಬಾರದು. ಶಸ್ತ್ರಚಿಕಿತ್ಸೆಯ ಹೊಲಿಗೆ ಇನ್ನೂ ಮಾಯದಿರುವವರು ಹೀಗೆ ಕುಳಿತುಕೊಳ್ಳುವ ಮೊದಲು ಶಸ್ತ್ರಚಿಕಿತ್ಸಕರ ಅನುಮತಿ ಪಡೆಯತಕ್ಕದ್ದು.

ರಕ್ಷಣಾ ಲೇಪನ

ಚರ್ಮ ಪೂರ್ತಿ ಒಣಗಿದ ನಂತರ ಲೇಪನವನ್ನು ಹಚ್ಚಬೇಕು. ಬಿಳಿ ಪೆಟ್ರೋಲಿಯಂ ಜೆಲ್ಲಿ ಮತ್ತು ಜಿಂಕ್ ಆಕ್ಸೈಡ್ ಮುಲಾಮು ಇವೆರಡೂ ದೀರ್ಘಕಾಲದಿಂದ ಬಳಕೆಯಲ್ಲಿರುವ, ಕಡಿಮೆ ಬೆಲೆಯ ಲೇಪನಗಳು. ಚಿಕ್ಕ ಮಕ್ಕಳ ಬಟ್ಟೆಯ ಉರಿಗೆ ಔಷಧ ಅಂಗಡಿಗಳಲ್ಲಿ ದೊರೆಯುವ ಜಿಂಕ್ ಆಕ್ಸೈಡ್ ಲೇಪನವನ್ನೇ ದೊಡ್ಡವರೂ ಬಳಸಬಹುದು. ಸುಗಂಧ ಬೆರೆಸದಿರುವುದನ್ನು ಆರಿಸಿಕೊಳ್ಳುವುದು ಲೇಸು. ಚರ್ಮ ಬರೀ ಕೆಂಪಾಗಿರುವ ಹಂತದಲ್ಲಿ ತೆಳುವಾದ ಪದರ ಸಾಕಾಗುತ್ತದೆ. ಸುಲಿಯತೊಡಗಿದ್ದರೆ ಜಿಂಕ್ ಆಕ್ಸೈಡನ್ನು ಚರ್ಮ ಕಾಣದಷ್ಟು ದಪ್ಪವಾಗಿ ಹಚ್ಚತಕ್ಕದ್ದು.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ಪ್ರತಿ ಬಾರಿ ಶೌಚದ ನಂತರ ಹಿಂದಿನ ಲೇಪನವನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಹಚ್ಚಲಾಗುತ್ತದೆ. ಇದರ ಅಗತ್ಯವಿಲ್ಲ. ಮೇಲಿನ ಕೊಳೆಯಾದ ಪದರ ಹೋದರೆ ಸಾಕು. ಕೆಳಗೆ ಅಂಟಿಕೊಂಡಿರುವ ಬಿಳಿ ಲೇಪನವನ್ನು ಹಾಗೆಯೇ ಬಿಟ್ಟು ಅದರ ಮೇಲೆ ಮತ್ತೆ ಹಚ್ಚಬಹುದು. ದಿನಕ್ಕೊಮ್ಮೆ, ಸ್ನಾನದ ವೇಳೆ, ಹತ್ತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಅದ್ದಿ ಸವರಿದರೆ ಲೇಪನವು ಉಜ್ಜದೆಯೇ ಬಿಟ್ಟುಬರುತ್ತದೆ.

ಲೇಪನವನ್ನು ಉರಿ ಬಂದ ಮೇಲೆ ಹಚ್ಚುವುದಕ್ಕಿಂತ ಮೊದಲೇ ಹಚ್ಚುವುದು ಹೆಚ್ಚು ಫಲಕಾರಿ. ಸ್ಟೋಮಾ ಮುಚ್ಚುವ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಮೊದಲ ಮಲವಿಸರ್ಜನೆಯ ದಿನದಿಂದಲೇ, ಚರ್ಮ ಚೆನ್ನಾಗಿರುವಾಗಲೇ, ಇದನ್ನು ಆರಂಭಿಸುವುದು ಸೂಕ್ತ. ಈ ಬಗ್ಗೆ ವಾರ್ಡಿನ ಶುಶ್ರೂಷಕರನ್ನು ಕೇಳಿ ತಿಳಿಯಬಹುದು.

ಚರ್ಮ ಕಿತ್ತುಹೋಗಿ ನೀರು ಒಸರುತ್ತಿದ್ದರೆ ಮುಲಾಮು ನಿಲ್ಲುವುದಿಲ್ಲ. ಅಂತಹ ಸಂದರ್ಭದಲ್ಲಿ ಸ್ಟೋಮಾ ಇರುವವರಿಗೆ ನೀಡುವ ವಿಶೇಷ ಪುಡಿಯನ್ನು ಒಸರುವ ಜಾಗಕ್ಕೆ ಉದುರಿಸಿ, ಹೆಚ್ಚಾದ ಪುಡಿಯನ್ನು ಕೊಡವಿ, ಅದರ ಮೇಲೆ ಲೇಪನ ಹಚ್ಚುವ ವಿಧಾನವಿದೆ. ಇದನ್ನು ಶುಶ್ರೂಷಕರಿಂದ ಒಮ್ಮೆ ಕಲಿತುಕೊಂಡು ಮಾಡತಕ್ಕದ್ದು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಇದಕ್ಕೆ ಬದಲಿಯಲ್ಲ; ಅದು ಒದ್ದೆಯಲ್ಲಿ ಗಂಟುಕಟ್ಟಿ ಚರ್ಮವನ್ನು ತರಚುತ್ತದೆ. ವಿಕಿರಣ ಚಿಕಿತ್ಸೆ ನಡೆಯುತ್ತಿರುವವರು ಯಾವುದೇ ಲೇಪನವನ್ನು ಬಳಸುವ ಮೊದಲು ಆ ವಿಭಾಗದ ವೈದ್ಯರಿಗೆ ತಿಳಿಸತಕ್ಕದ್ದು.

ಬಳಸಬಾರದ ವಸ್ತುಗಳು

ಸುಣ್ಣ, ನಿಂಬೆರಸ, ಸ್ಪಿರಿಟ್, ಉಪ್ಪು, ಅರಿಶಿನದ ಪುಡಿ ಮುಂತಾದವುಗಳನ್ನು ಸುಲಿದ ಚರ್ಮಕ್ಕೆ ಹಚ್ಚಬಾರದು. ಸುಗಂಧಯುಕ್ತ ಒದ್ದೆ ಟಿಶ್ಯೂಗಳನ್ನು ಪ್ರಯಾಣದಲ್ಲಿ ಬಳಸುವವರು ಹೆಚ್ಚುತ್ತಿದ್ದಾರೆ; ಅವುಗಳಲ್ಲಿನ ಸುಗಂಧ ಮತ್ತು ಸಂರಕ್ಷಕ ರಾಸಾಯನಿಕಗಳಿಂದ ಕೆಲವರಿಗೆ ಅಲರ್ಜಿ ಉಂಟಾಗುತ್ತದೆ. ಮೂಲವ್ಯಾಧಿಯ ಮುಲಾಮುಗಳಲ್ಲಿ ಚರ್ಮವನ್ನು ಮರಗಟ್ಟಿಸುವ ಔಷಧವಿರುವುದರಿಂದ ಸ್ವಲ್ಪ ಹೊತ್ತು ಹಿತವೆನಿಸಬಹುದು, ಆದರೆ ದೀರ್ಘಕಾಲದ ಬಳಕೆಯಿಂದ ಅಲರ್ಜಿ ಬರುವ ಸಂಭವವಿದೆ.

ಔಷಧ ಅಂಗಡಿಯಲ್ಲಿ "ತುರಿಕೆಗೆ" ಎಂದು ಕೇಳಿ ಪಡೆಯುವ ಮಿಶ್ರ ಮುಲಾಮುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇವುಗಳಲ್ಲಿ ಅನೇಕವು ಪ್ರಬಲ ಸ್ಟಿರಾಯ್ಡ್, ಶಿಲೀಂಧ್ರನಾಶಕ ಮತ್ತು ಪ್ರತಿಜೀವಕಗಳ ಮಿಶ್ರಣವಾಗಿರುತ್ತವೆ. ಎರಡು ದಿನಗಳಲ್ಲಿ ಕೆಂಪು ಇಳಿದಂತೆ ಕಾಣುತ್ತದೆ. ವಾರಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ ಬಿರಿಯುತ್ತದೆ, ಶಿಲೀಂಧ್ರದ ಸೋಂಕು ಒಳಗೊಳಗೇ ಹರಡುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರವು 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಅನುಸೂಚಿಗೆ ಸೇರಿಸಿದೆ. ಚೀಟಿ ಕೇಳದೆ ಕೊಡುವ ಅಂಗಡಿ ಇದೆಯೆಂಬ ಕಾರಣಕ್ಕೆ ಆ ಔಷಧ ನಿರಪಾಯಕಾರಿಯಾಗುವುದಿಲ್ಲ.

ಶಿಲೀಂಧ್ರದ ಸೋಂಕು

ಸರಿಯಾದ ಆರೈಕೆ ನಡೆದಿದ್ದೂ ಉರಿ ಕಡಿಮೆಯಾಗದೆ ತುರಿಕೆ ಹೆಚ್ಚಾದರೆ, ಕೆಂಪು ಭಾಗದ ಅಂಚಿನಾಚೆಗೆ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳೋ ಕೀವಿನ ಗುಳ್ಳೆಗಳೋ ಕಾಣಿಸಿಕೊಂಡರೆ, ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇರಬಹುದು. ಮಧುಮೇಹಿಗಳಲ್ಲಿ, ಇತ್ತೀಚೆಗೆ ಪ್ರತಿಜೀವಕ ಸೇವಿಸಿದವರಲ್ಲಿ ಮತ್ತು ಕೀಮೋಥೆರಪಿ ಪಡೆಯುತ್ತಿರುವವರಲ್ಲಿ ಇದು ಹೆಚ್ಚು. ಕೇವಲ ರಕ್ಷಣಾ ಲೇಪನದಿಂದ ಇದು ವಾಸಿಯಾಗುವುದಿಲ್ಲ. ವೈದ್ಯರು ಪರೀಕ್ಷಿಸಿ ಕ್ಲೋಟ್ರಿಮಜೋಲ್‌ನಂತಹ ಶಿಲೀಂಧ್ರನಾಶಕವನ್ನು ಸೂಚಿಸುತ್ತಾರೆ. ಅದನ್ನು ಮೊದಲು ತೆಳುವಾಗಿ ಹಚ್ಚಿ, ಹೀರಿಕೊಂಡ ನಂತರ ಅದರ ಮೇಲೆ ಜಿಂಕ್ ಆಕ್ಸೈಡ್ ಹಚ್ಚಬೇಕು.

ಆಹಾರ ಮತ್ತು ನೀರು

ಊಟ ಬಿಟ್ಟರೆ ಮಲವಿಸರ್ಜನೆ ನಿಲ್ಲುತ್ತದೆ ಎಂಬುದು ರೋಗಿಗಳ ಸಹಜ ಲೆಕ್ಕಾಚಾರ. ವಾಸ್ತವದಲ್ಲಿ ಖಾಲಿ ಹೊಟ್ಟೆಯಲ್ಲಿಯೂ ಕರುಳು ರಸಗಳನ್ನು ಸ್ರವಿಸುತ್ತಲೇ ಇರುತ್ತದೆ. ಆಹಾರದೊಂದಿಗೆ ಬೆರೆಯದ ಆ ತೆಳುವಾದ ದ್ರವ ಚರ್ಮವನ್ನು ಇನ್ನಷ್ಟು ಸುಡುತ್ತದೆ. ದಿನಕ್ಕೆ ಎರಡು ದೊಡ್ಡ ಊಟದ ಬದಲು ಐದಾರು ಬಾರಿ ಸ್ವಲ್ಪ ಸ್ವಲ್ಪವಾಗಿ ತಿನ್ನುವುದು ಸರಿಯಾದ ಕ್ರಮ. ರಾತ್ರಿಯ ಊಟವನ್ನು ಬೇಗ ಮುಗಿಸಿದರೆ ನಿದ್ರೆಯ ನಡುವೆ ಏಳುವುದು ತಗ್ಗಬಹುದು.

ಮೆತ್ತಗೆ ಬೇಯಿಸಿದ ಅನ್ನ, ಗಂಜಿ, ಇಡ್ಲಿ, ಸಬ್ಬಕ್ಕಿ, ಬೇಯಿಸಿದ ಆಲೂಗಡ್ಡೆ ಮತ್ತು ಬಾಳೆಹಣ್ಣು ಮಲವನ್ನು ಗಟ್ಟಿಗೊಳಿಸಲು ನೆರವಾಗುತ್ತವೆ. ಮೊಸರು ಬಹುತೇಕರಿಗೆ ಹಿಡಿಸುತ್ತದೆ. ಹಾಲು ಕೆಲವರಿಗೆ ಹಿಡಿಸದು. ಹಾಲು ಕುಡಿದ ದಿನ ಹೊಟ್ಟೆಯುಬ್ಬರ ಮತ್ತು ಭೇದಿ ಹೆಚ್ಚಾಗುವುದಾದರೆ ಕೆಲವು ವಾರ ಬಿಟ್ಟುನೋಡಬಹುದು. ರಾಗಿಮುದ್ದೆ ಊಟದ ರೂಢಿಯಿರುವವರು ಅದನ್ನು ಶಾಶ್ವತವಾಗಿ ಬಿಡಬೇಕಾಗಿಲ್ಲ. ಆರಂಭದ ವಾರಗಳಲ್ಲಿ ಸೋಸಿದ ಹಿಟ್ಟಿನ ತೆಳು ಅಂಬಲಿಯಿಂದ ಮೊದಲುಮಾಡಿ, ಕರುಳು ಒಪ್ಪಿದಂತೆ ಪ್ರಮಾಣವನ್ನು ಹೆಚ್ಚಿಸಬಹುದು. ಸೊಪ್ಪು, ಹಸಿ ತರಕಾರಿ, ಸಿಪ್ಪೆ ಸಹಿತ ಕಾಳು, ಜೋಳ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೆಣಸಿನಕಾಯಿಯ ಖಾರವನ್ನು ಉಂಟುಮಾಡುವ ಅಂಶವು ಪೂರ್ತಿ ಜೀರ್ಣವಾಗದೆ ಮಲದೊಂದಿಗೆ ಹೊರಬರುವುದರಿಂದ, ಬಾಯಿಯಲ್ಲಿ ಆದ ಉರಿ ಸುಲಿದ ಚರ್ಮದ ಮೇಲೆ ಮತ್ತೊಮ್ಮೆ ಆಗುತ್ತದೆ. ಸಪ್ಪೆ ಊಟ ಸೇರದೆ ಊಟವನ್ನೇ ಬಿಡುವ ರೋಗಿಗಳಿಗೆ ಬ್ಯಾಡಗಿಯಂತಹ ಕಡಿಮೆ ಖಾರದ ಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಹಾಕಿದ ತಿಳಿಸಾರನ್ನು ಮಿತವಾಗಿ ನೀಡಿನೋಡಬಹುದು. ಕಾಫಿ, ಮದ್ಯ, ಕರಿದ ತಿಂಡಿ ಹಾಗೂ ಅತಿ ಸಿಹಿಯಾದ ಪಾನೀಯಗಳು ಭೇದಿಯನ್ನು ಹೆಚ್ಚಿಸುತ್ತವೆ. ಯಾವುದು ಹಿಡಿಸಲಿಲ್ಲವೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿಯಿರುವುದರಿಂದ, ಎರಡು ವಾರ ಊಟ ಮತ್ತು ಶೌಚದ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉಪಯುಕ್ತ.

ನೀರನ್ನು ಕಡಿಮೆ ಮಾಡಬಾರದು. ಮಲ ನೀರಿನಂತಿದ್ದರೆ ಬರೀ ನೀರು ಸಾಲದು, ಲವಣಗಳೂ ನಷ್ಟವಾಗುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓ.ಆರ್.ಎಸ್. ಪೊಟ್ಟಣವನ್ನು (20.5 ಗ್ರಾಂ) ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಚಿಕ್ಕ ಪೊಟ್ಟಣಗಳೂ ಇರುವುದರಿಂದ ನೀರಿನ ಪ್ರಮಾಣವನ್ನು ಪೊಟ್ಟಣದ ಮೇಲೆ ಓದಿಯೇ ಬೆರೆಸತಕ್ಕದ್ದು. 24 ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಬೇಕು. ಹಣ್ಣಿನ ರಸದ ಡಬ್ಬಿಗಳಲ್ಲಿ ಮಾರುವ ಸಿಹಿ ಪಾನೀಯಗಳು ಓ.ಆರ್.ಎಸ್.ಗೆ ಸಮನಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು.

ಮಲವನ್ನು ಗಟ್ಟಿಗೊಳಿಸುವ ಔಷಧಗಳು

ಇಸಬ್‌ಗೋಲ್ ಹೊಟ್ಟನ್ನು ಮಲಬದ್ಧತೆಗೆ ನೀಡುವ ಔಷಧವೆಂದೇ ಜನರು ಬಲ್ಲರು. ಒಂದು ಲೋಟ ನೀರಿನೊಂದಿಗೆ ಸೇವಿಸಿದಾಗ ಅದು ಮಲವನ್ನು ಸಡಿಲಿಸುತ್ತದೆ. ಅದೇ ಹೊಟ್ಟನ್ನು ಸ್ವಲ್ಪ ಮೊಸರಿನಲ್ಲಿ ಚೆನ್ನಾಗಿ ಕಲಸಿ ಸೇವಿಸಿದಾಗ, ಕರುಳಿನಲ್ಲಿನ ಹೆಚ್ಚುವರಿ ನೀರನ್ನು ಹೀರಿ ಮಲವನ್ನು ಒಟ್ಟುಗೂಡಿಸುತ್ತದೆ. ಆದರೆ ಕರುಳನ್ನು ಜೋಡಿಸಿದ ಜಾಗವು ಕಿರಿದಾಗಿದ್ದರೆ ಇದರಿಂದ ತಡೆ ಉಂಟಾಗಬಹುದಾದ್ದರಿಂದ, ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಇದನ್ನು ಆರಂಭಿಸಬಾರದು. ಪುಡಿಯನ್ನು ಒಣಗಿದಂತೆಯೇ ನುಂಗುವುದು ಸಲ್ಲದು.

ಲೋಪೆರಮೈಡ್ ಎಂಬ ಮಾತ್ರೆಯು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಸೇವಿಸಿದರೆ ಹೆಚ್ಚು ಪ್ರಯೋಜನ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಜ್ವರವಿದ್ದಾಗ, ಮಲದಲ್ಲಿ ರಕ್ತವಿದ್ದಾಗ, ಕೀಮೋಥೆರಪಿಯ ಅವಧಿಯಲ್ಲಿ ಹೊಸದಾಗಿ ಭೇದಿ ಆರಂಭವಾದಾಗ ಇದನ್ನು ಸ್ವಂತ ತೀರ್ಮಾನದಿಂದ ಸೇವಿಸುವುದು ಅಪಾಯಕರ. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದವರಲ್ಲಿ ಪಿತ್ತಾಮ್ಲದಿಂದಲೇ ಭೇದಿಯಾಗುತ್ತಿದ್ದರೆ ಕೊಲೆಸ್ಟಿರಮೈನ್ ಎಂಬ ಪುಡಿಯನ್ನು ಸೂಚಿಸಲಾಗುತ್ತದೆ. ಇದು ಬೇರೆ ಔಷಧಗಳನ್ನೂ ಹಿಡಿದಿಡುವುದರಿಂದ, ಅವುಗಳನ್ನು ಇದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ಸೇವಿಸತಕ್ಕದ್ದು.

ಮಲ ಸೋರುವ ತೊಂದರೆಯಿರುವವರಿಗೆ ಗುದದ್ವಾರದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿ ವಿಭಾಗದಲ್ಲಿ ಕಲಿಸಲಾಗುತ್ತದೆ. ಇದನ್ನು ಯಾವಾಗ ಆರಂಭಿಸಬೇಕೆಂಬುದನ್ನು ಶಸ್ತ್ರಚಿಕಿತ್ಸಕರು ತಿಳಿಸುತ್ತಾರೆ.

ರಾತ್ರಿ ವೇಳೆ ಮತ್ತು ಪ್ರಯಾಣ

ಸಡಿಲವಾದ ಹತ್ತಿಯ ಒಳ ಉಡುಪು ಧರಿಸುವುದು ಒಳ್ಳೆಯದು. ಪ್ಯಾಡ್ ಬಳಸುವವರು ಅದು ಒದ್ದೆಯಾದ ಕೂಡಲೇ ಬದಲಿಸಬೇಕು. ಬೆಲೆಯ ಕಾರಣದಿಂದ ಒಂದೇ ಪ್ಯಾಡನ್ನು ಇಡೀ ದಿನ ಇಟ್ಟುಕೊಳ್ಳುವುದಕ್ಕಿಂತ ಮಡಿಸಿದ ಹತ್ತಿ ಬಟ್ಟೆಯನ್ನು ಆಗಾಗ ಬದಲಿಸುವುದು ಮೇಲು. ಮಲಗುವ ಮೊದಲು ಲೇಪನವನ್ನು ದಪ್ಪವಾಗಿ ಹಚ್ಚತಕ್ಕದ್ದು.

ಮರುತಪಾಸಣೆಗಾಗಿ ದೂರದ ಊರಿನಿಂದ ಬಸ್ಸಿನಲ್ಲಿ ಬರಬೇಕಾದವರು, ದಾರಿಯಲ್ಲಿ ಏನಾದೀತೋ ಎಂಬ ಅಂಜಿಕೆಯಿಂದ ತಪಾಸಣೆಯನ್ನೇ ತಪ್ಪಿಸಿಕೊಳ್ಳುವುದುಂಟು. ಕ್ಯಾನ್ಸರ್ ರೋಗಿಗಳಲ್ಲಿ ಇದರಿಂದ ಮುಂದಿನ ಚಿಕಿತ್ಸೆಯೇ ತಡವಾಗುತ್ತದೆ. ಪ್ರಯಾಣದ ದಿನದ ಊಟ ಮತ್ತು ಮಾತ್ರೆಯ ಸಮಯವನ್ನು ವೈದ್ಯರೊಂದಿಗೆ ಮೊದಲೇ ಚರ್ಚಿಸಬಹುದು. ನೀರಿನ ಬಾಟಲಿ, ಹತ್ತಿ ಬಟ್ಟೆಯ ತುಂಡುಗಳು, ಲೇಪನದ ಚಿಕ್ಕ ಡಬ್ಬಿ, ಒಂದು ಜೊತೆ ಉಡುಪು ಮತ್ತು ಪ್ಲಾಸ್ಟಿಕ್ ಚೀಲ ಜೊತೆಯಲ್ಲಿದ್ದರೆ ಅಂಜಿಕೆ ಎಷ್ಟೋ ಕಡಿಮೆಯಾಗುತ್ತದೆ. ನಿರ್ವಾಹಕರಿಗೆ ಹತ್ತುವಾಗಲೇ ವಿಷಯ ತಿಳಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವೈದ್ಯರನ್ನು ಕೂಡಲೇ ಕಾಣಬೇಕಾದ ಸಂದರ್ಭಗಳು

ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು, ಎದ್ದು ನಿಂತಾಗ ತಲೆಸುತ್ತುವುದು, ನಾಲಿಗೆ ಒಣಗುವುದು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು ನಿರ್ಜಲೀಕರಣದ ಲಕ್ಷಣಗಳು. ಇವು ಕಂಡುಬಂದಲ್ಲಿ ಅಂದೇ ಸಮೀಪದ ಆಸ್ಪತ್ರೆಗೆ ತೆರಳತಕ್ಕದ್ದು. ಜ್ವರ ಮತ್ತು ಚಳಿ, ಹೊಟ್ಟೆಯುಬ್ಬರದೊಂದಿಗೆ ವಾಂತಿ, ಮಲ ಮತ್ತು ವಾಯು ಎರಡೂ ನಿಂತುಹೋಗುವುದು, ಗುದದ್ವಾರದ ಬಳಿ ನೋವಿನ ಗಡ್ಡೆ ಅಥವಾ ಕೀವು, ಚರ್ಮ ಕಪ್ಪಾಗುವುದು ಇವುಗಳಿಗೂ ಇದು ಅನ್ವಯಿಸುತ್ತದೆ. ರೋಗಿಯು ನಿತ್ರಾಣಗೊಂಡಿದ್ದರೆ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬಹುದು.

ಸುಲಿದ ಚರ್ಮದಿಂದ ಬಟ್ಟೆಗೆ ಒಂದೆರಡು ಹನಿ ರಕ್ತ ತಾಗಬಹುದು. ಆದರೆ ಮಲದೊಂದಿಗೆ ಬೆರೆತ ರಕ್ತವನ್ನು ಚರ್ಮದ ಗಾಯದ್ದೆಂದು ಊಹಿಸಿ ಸುಮ್ಮನಿರಬಾರದು. ಮನೆಯ ಆರೈಕೆಯಿಂದ ಒಂದು ವಾರದಲ್ಲಿ ಉರಿ ತಗ್ಗದಿದ್ದರೂ ತಪಾಸಣೆ ಅಗತ್ಯ.

ಆಸ್ಪತ್ರೆಗಳಲ್ಲಿ ದೊರೆಯುವ ನೆರವು

ಚರ್ಮದ ಸಾಮಾನ್ಯ ಉರಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಲಹೆ ಪಡೆಯಬಹುದು; ಅಗತ್ಯವಿದ್ದಲ್ಲಿ ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಅಥವಾ ಚರ್ಮರೋಗ ವಿಭಾಗಕ್ಕೆ ಕಳುಹಿಸಲಾಗುತ್ತದೆ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ಮಾರ್ಗಸೂಚಿಯಂತೆ, ಯೋಜನೆಯಡಿ ಶಸ್ತ್ರಚಿಕಿತ್ಸೆಗೆ ಒಳಗಾದ ಅರ್ಹ ಫಲಾನುಭವಿಗಳ ಬಿಡುಗಡೆಯ ನಂತರದ 15 ದಿನಗಳ ಔಷಧಗಳು ಪ್ಯಾಕೇಜಿನಲ್ಲಿಯೇ ಸೇರಿರುತ್ತವೆ. ಆದ್ದರಿಂದ ಉರಿಯ ತೊಂದರೆಯನ್ನು ಬಿಡುಗಡೆಯ ಮೊದಲೇ ವೈದ್ಯರಿಗೆ ತಿಳಿಸಿ, ಬೇಕಾದ ಲೇಪನ ಮತ್ತು ಮಾತ್ರೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ.

ತಪಾಸಣೆಗೆ ಬರುವಾಗ ಬಿಡುಗಡೆ ಪತ್ರ, ಶಸ್ತ್ರಚಿಕಿತ್ಸೆಯ ವಿವರ, ಸೇವಿಸುತ್ತಿರುವ ಮತ್ತು ಹಚ್ಚುತ್ತಿರುವ ಎಲ್ಲ ಔಷಧಗಳ ಖಾಲಿ ಪೊಟ್ಟಣಗಳು ಹಾಗೂ ಶೌಚದ ವಿವರ ಬರೆದಿಟ್ಟ ಪುಸ್ತಕವನ್ನು ತರತಕ್ಕದ್ದು. ಮಹಿಳಾ ರೋಗಿಗಳು ತಪಾಸಣೆಯ ವೇಳೆ ಮಹಿಳಾ ಶುಶ್ರೂಷಕರು ಅಥವಾ ಕುಟುಂಬದ ಮಹಿಳೆಯೊಬ್ಬರು ಜೊತೆಗಿರುವಂತೆ ಕೋರಬಹುದು. ಆ ದಿನ ಬೆಳಿಗ್ಗೆ ದಪ್ಪ ಲೇಪನ ಹಚ್ಚಿಕೊಳ್ಳದೆ ಬಂದರೆ ವೈದ್ಯರಿಗೆ ಚರ್ಮದ ಸ್ಥಿತಿ ಸ್ಪಷ್ಟವಾಗಿ ಕಾಣುತ್ತದೆ.